ಡಿಸೆಂಬರ್ ಮಳೆ: ಒಂದು ಹಳೆಯ ಗಣಕದ ಮರೆವು

ಹೊಸನಗರ ತಾಲ್ಲೂಕಿನ ನನ್ನ ಹಳೆಯ ಶಾಲೆಯಲ್ಲಿ 1989ರ ಸುಮಾರಿಗೆ ಓದಿದವರಿಗೆ ‘ಡಿಸೆಂಬರ್ ಮಳೆ’ ಎಂದರೆ ಯಾರೆಂದು ವಿವರಿಸಬೇಕಾಗಿಲ್ಲ. ನಿಮ್ಮಲ್ಲಿ ಕೆಲವರು ಇಂದಿಗೂ ಮದುವೆಮನೆಗಳಲ್ಲಿ ಅವನನ್ನು ಹಾಗೆಯೇ ಕೂಗಿ ಕರೆಯುವುದನ್ನು ನಾನು ಕೇಳಿದ್ದೇನೆ. ಆ ಅಡ್ಡಹೆಸರು ಹುಟ್ಟಿದ್ದು ನನ್ನ ಬಾಯಿಂದ ಬಂದ ಒಂದು ಮಾತಿನಿಂದ. ಅದು ತಪ್ಪು ಮಾತಾಗಿತ್ತು ಎಂಬುದು ಕಳೆದ ಚಳಿಗಾಲದಲ್ಲಿ, ಸಾಗರದ ನಮ್ಮ ಮನೆಯ ಅಟ್ಟದಿಂದ ಕೆಳಗಿಳಿಸಿದ ಒಂದು ಹಳೆಯ ಯಂತ್ರವನ್ನು ಪರೀಕ್ಷಿಸುವಾಗ ನನಗೆ ತಿಳಿದುಬಂದಿತು. ಆ ಮಾತನ್ನು ತರಗತಿಯ ಎದುರಿನಲ್ಲಿ ಆಡಿದ್ದೆನಾದ್ದರಿಂದ, ಅದನ್ನು ಹಿಂತೆಗೆದುಕೊಳ್ಳುವುದೂ ನಿಮ್ಮೆಲ್ಲರ ಎದುರಿನಲ್ಲಿಯೇ ಆಗಬೇಕು. ಆದರೆ ಮೊದಲು ಆ ಯಂತ್ರದ ಇತಿಹಾಸವನ್ನು ಹೇಳುತ್ತೇನೆ. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

1984ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯಗಳು ಸೇರಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿದವು. ಶಾಲೆಗಳಲ್ಲಿ ಗಣಕ ಸಾಕ್ಷರತೆ ಮತ್ತು ಅಧ್ಯಯನ ಎಂಬುದು ಆ ಹೆಸರಿನ ವಿಸ್ತಾರ. ಎನ್‌ಸಿಇಆರ್‌ಟಿಯೂ ಇದರಲ್ಲಿ ಜೊತೆಗೂಡಿತ್ತು. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳು ಆಯ್ಕೆಯಾದವು. ಆ ದಶಕದ ಕೊನೆಯ ಹೊತ್ತಿಗೆ ಅವುಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತು. ಇದಕ್ಕಾಗಿ ಆರಿಸಿಕೊಂಡ ಯಂತ್ರ ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ, ಬಿಬಿಸಿಯ ಗಣಕ ಸಾಕ್ಷರತಾ ಕಾರ್ಯಕ್ರಮಕ್ಕೆಂದು 1981ರ ಡಿಸೆಂಬರಿನಲ್ಲಿ ಹೊರತಂದ ಗೃಹಗಣಕವಿದು. ನಮ್ಮ ದೇಶದಲ್ಲಿ ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಸಂಸ್ಥೆಯೂ ಅದನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. (ಇದೇ ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬವರು 1985ರಲ್ಲಿ ‘ಆರ್ಮ್’ ಎಂಬ ಸಂಸ್ಕಾರಕವನ್ನು ರೂಪಿಸಿ, ಅದನ್ನು ಮೊದಲು ಬಿಬಿಸಿ ಮೈಕ್ರೋಗೇ ಜೋಡಿಸಿ ನಡೆಸಿದರು. ನಿಮ್ಮ ಜೇಬಿನಲ್ಲಿರುವ ಮೊಬೈಲು ಆ ವಂಶದ ಕುಡಿ.)

ನಮ್ಮ ಶಾಲೆಗೆ ಅದು ಬಂದದ್ದು 1987ರಲ್ಲಿ. ಬಿ.ಎಡ್. ಮುಗಿಸಿ ಸೇವೆಗೆ ಸೇರಿ ನನಗೆ ಆಗಿನ್ನೂ ಮೂರು ವರ್ಷ. ಗಣಿತದ ಅಧ್ಯಾಪಕನೆಂಬ ಕಾರಣಕ್ಕೆ ಅದರ ಹೊಣೆ ನನ್ನ ಮೇಲೆ ಬಿದ್ದಿತು. ಕಪ್ಪು ಮತ್ತು ಕಂದು ಕೀಲಿಗಳ, ಕೆಂಪು ಕೀಲಿಗಳ ಒಂದು ಸಾಲಿನ ಆ ಯಂತ್ರ, ಒಂದು ಟಿ.ವಿ., ಒಂದು ಕ್ಯಾಸೆಟ್ ರೆಕಾರ್ಡರ್, ಒಂದು ಸ್ಟೆಬಿಲೈಸರ್. ಕೊಠಡಿಗೆ ಪರದೆ ಹಾಕಿಸಿ, ಚಪ್ಪಲಿಗಳನ್ನು ಹೊರಗೆ ಬಿಡಿಸಿ, ದೇವರ ಕೋಣೆಯಂತೆ ನೋಡಿಕೊಂಡೆವು. ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ವಿದ್ಯುತ್ತು ಹರಿದರೂ ಮಲೆನಾಡಿನ ನಮ್ಮ ದೀಪಗಳು ಆಷಾಢದಲ್ಲಿ ಮಿಣುಕುತ್ತಲೇ ಇರುತ್ತಿದ್ದ ಕಾಲವದು. ಯಂತ್ರವನ್ನು ಚಾಲೂ ಮಾಡಿದೊಡನೆ ತೆರೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮೂಡುತ್ತಿತ್ತು. ಅದನ್ನು ಕಂಡು ನಾನು ಯಂತ್ರ ಸುಸ್ಥಿತಿಯಲ್ಲಿದೆ ಎಂದು ಭಾವಿಸುತ್ತಿದ್ದೆ. ಆ ಸಾಲು ಸ್ಮೃತಿ ಎಷ್ಟಿದೆ ಎಂದು ಹೇಳುತ್ತಿತ್ತೇ ಹೊರತು ಹೇಗಿದೆ ಎಂದು ಹೇಳುತ್ತಿರಲಿಲ್ಲ. ಈ ಭೇದ ಆಗ ನನಗೆ ತಿಳಿದಿರಲಿಲ್ಲ.

ಈಗ ಆ ಹುಡುಗನ ವಿಷಯ. 1988ರಲ್ಲಿ ಅವನು ಒಂಬತ್ತನೆಯ ತರಗತಿಯಲ್ಲಿದ್ದ. ಮಾತು ಕಡಿಮೆ, ಕೈಬರಹ ಚೊಕ್ಕಟ. ತನ್ನ ಊರಿನಲ್ಲಿ ಒಂದು ಮಳೆಮಾಪಕವನ್ನು ತಾನೇ ಸಿದ್ಧಪಡಿಸಿ ಇಟ್ಟು, ಇಡೀ ವರ್ಷ ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತಿನ ಮಳೆಯನ್ನು ಮಿಲಿಮೀಟರುಗಳಲ್ಲಿ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆಂದು ಪಾಠದಲ್ಲಿ ಹೇಳಿದ್ದೆ. ‘ನಮ್ಮೂರಿನಲ್ಲಿ ಎಷ್ಟು ಸರ್?’ ಎಂದು ಅವನು ಕೇಳಿದ್ದೇ ಇದಕ್ಕೆ ಮೂಲ. ಆ ಅಂಕಿಗಳನ್ನೆಲ್ಲ ಗಣಕಕ್ಕೆ ಊಡಿಸಿ, ತಿಂಗಳುವಾರು ಮೊತ್ತ ತೆಗೆದು ಚಿತ್ರ ಬರೆಯುವ ಬೇಸಿಕ್ ಭಾಷೆಯ ಒಂದು ಪ್ರೋಗ್ರಾಮನ್ನೂ ಅವನೇ ಬರೆದ. 1989ರ ಜನವರಿಯಲ್ಲಿ ತೀರ್ಥಹಳ್ಳಿಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ನಮ್ಮ ಶಾಲೆಯಿಂದ ಅದೇ ಹೋಗುವುದೆಂದು ನಿಶ್ಚಯವಾಯಿತು.

ಹೊರಡುವ ಮೂರು ದಿನ ಮೊದಲು ನಾನು ಅಂಕಿಗಳನ್ನು ತಾಳೆ ನೋಡಿದೆ. ಜನವರಿಯಿಂದ ಅಕ್ಟೋಬರ್‌ವರೆಗೆ ಎಲ್ಲವೂ ಸರಿ. ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಮಾತ್ರ ನೋಟ್ ಪುಸ್ತಕದ ಮೊತ್ತ 61 ಮಿಲಿಮೀಟರ್, ಗಣಕದ ಮೊತ್ತ 209! ಮಳೆಯೇ ಇಲ್ಲದ ದಿನಗಳಲ್ಲಿ ನಾಲ್ಕು ಮಿಲಿಮೀಟರ್ ಮಳೆ. 20 ಇದ್ದಲ್ಲಿ 60. ಹತ್ತು ಕಡೆ ವ್ಯತ್ಯಾಸ. ‘ನಾನು ಸರಿಯಾಗಿಯೇ ಹೊಡೆದಿದ್ದೆ ಸರ್, ಆಮೇಲೆ ಅದೇ ಬದಲಾಗಿದೆ’ ಎಂದ. ಒಂದೆರಡು ಸಲ ಅಂಕಿಯಿರಬೇಕಾದ ಜಾಗದಲ್ಲಿ ‘<’ ಚಿಹ್ನೆ ಕಾಣಿಸಿ ಪ್ರೋಗ್ರಾಮು ನಿಂತುಹೋಗಿತ್ತೆಂದೂ, ತಾನು ತಿದ್ದಿದರೆ ಅರ್ಧ ಗಂಟೆಯ ಬಳಿಕ ಅದು ಮತ್ತೆ ಬಂದಿತ್ತೆಂದೂ ಹೇಳಿದ. ಆ ಯಂತ್ರದ ಕೀಲಿಮಣೆಯಲ್ಲಿ ಅಲ್ಪವಿರಾಮದ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿದರೆ ಬರುವುದು ಆ ಚಿಹ್ನೆಯೇ. ಆದ್ದರಿಂದ ಕೈತಪ್ಪು ಎಂದು ತೀರ್ಮಾನಿಸಿದೆ. ಆದರೂ ನ್ಯಾಯವಾಗಿ ನಡೆಯೋಣವೆಂದು ಮರುದಿನ ಬೆಳಿಗ್ಗೆ ನಾನೇ ಹತ್ತು ಸಾಲಿನ ಒಂದು ಪ್ರೋಗ್ರಾಮು ಬರೆದು ಪರೀಕ್ಷಿಸಿದೆ. ಒಂದು ಅಂಕಿಯೂ ಕದಲಲಿಲ್ಲ. ಅಲ್ಲಿಗೆ ವಿಚಾರಣೆ ಮುಗಿಯಿತು. ವರ್ಷದ ಕೊನೆಗೆ ಬೇಸರ ಬಂದು ಮಳೆ ಅಳೆಯುವುದನ್ನು ಬಿಟ್ಟು, ಮನಸ್ಸಿಗೆ ಬಂದ ಅಂಕಿ ತುಂಬಿದ್ದಾನೆ, ಆಮೇಲೆ ನೋಟ್ ಪುಸ್ತಕವನ್ನು ಬೇರೆ ರೀತಿ ಬರೆದಿದ್ದಾನೆ ಎಂಬುದು ನನ್ನ ತೀರ್ಪು.

‘ಡಿಸೆಂಬರಿನಲ್ಲಿ ಎಲ್ಲಿಯ ಮಳೆಯೋ? ನಿನ್ನ ತಲೆಯೊಳಗೆ ಬಂದ ಮಳೆಯೋ?’ ಎಂದು ಇಡೀ ತರಗತಿಯ ಎದುರು ಕೇಳಿದೆ. ಎಲ್ಲರೂ ನಕ್ಕರು. ತೀರ್ಥಹಳ್ಳಿಗೆ ಬೇರೊಬ್ಬ ಹುಡುಗನ ಸೋಲಾರ್ ಒಲೆ ಹೋಯಿತು. ಗಣಕ ಕೊಠಡಿಯ ದಾಖಲೆ ಪುಸ್ತಕದಲ್ಲಿ ಆ ಹತ್ತು ವ್ಯತ್ಯಾಸಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ‘ಸುಳ್ಳು ಲೆಕ್ಕ’ ಎಂದು ಷರಾ ಹಾಕಿ ಸಹಿ ಮಾಡಿದೆ. ಅವನು ಮತ್ತೆ ಗಣಕ ಕೊಠಡಿಗೆ ಬರಲಿಲ್ಲ.

2004ರಲ್ಲಿ ಶಾಲೆಯ ಹಳೆಯ ಸಾಮಾನುಗಳ ಹರಾಜಿನಲ್ಲಿ ಆ ಯಂತ್ರವನ್ನು ಗುಜರಿಯವನಿಗಿಂತ ಇಪ್ಪತ್ತು ರೂಪಾಯಿ ಹೆಚ್ಚು ಕೂಗಿ ನಾನೇ ಕೊಂಡೆ. ಮೋಹವಲ್ಲದೆ ಬೇರೆ ಕಾರಣವಿರಲಿಲ್ಲ. ಅದರೊಡನೆ ಕ್ಯಾಸೆಟ್ಟುಗಳೂ ಆ ದಾಖಲೆ ಪುಸ್ತಕವೂ ಅಟ್ಟ ಸೇರಿದವು. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗ, ಎಲೆಕ್ಟ್ರಾನಿಕ್ಸ್ ಬಲ್ಲವನು, ‘ಮಾವ, ಇದನ್ನು ಎಬ್ಬಿಸಿ ನೋಡೋಣ’ ಎಂದ. ಮೊದಲು ವಿದ್ಯುತ್ ಪೂರೈಕೆಯ ಪೆಟ್ಟಿಗೆ ತೆರೆದ. ಈ ವಯಸ್ಸಿನ ಯಂತ್ರಗಳಲ್ಲಿ ಮೇನ್ಸ್ ಫಿಲ್ಟರಿನ ಕೆಪಾಸಿಟರುಗಳ ಹೊದಿಕೆ ಬಿರುಕು ಬಿಟ್ಟು ತೇವ ಹೀರಿರುತ್ತದಂತೆ. ಹಾಗೆಯೇ ಚಾಲೂ ಮಾಡಿದರೆ ಹೊಗೆ ಕಾರುತ್ತದಂತೆ. ಅವನ್ನು ಬದಲಿಸಿ, ಐದು ವೋಲ್ಟ್ ಸರಿಯಾಗಿ ಬರುತ್ತಿರುವುದನ್ನು ಮೀಟರಿನಲ್ಲಿ ಕಂಡ ಮೇಲೆಯೇ ಮುಂದಿನ ಮಾತು. ಹಳೆಯ ಯಂತ್ರದಲ್ಲಿ ಸ್ಮೃತಿಯ ದೋಷವನ್ನು ಹುಡುಕುವವರು ಮೊದಲು ವಿದ್ಯುತ್ತನ್ನು ಅನುಮಾನಿಸಬೇಕು ಎಂದ. ಒಪ್ಪತಕ್ಕ ಮಾತು. ಹೊಟ್ಟೆಗಿಲ್ಲದವನಿಗೆ ಮಗ್ಗಿ ಕೇಳಿದರೆ ತಪ್ಪಿಯೇ ತಪ್ಪುತ್ತಾನೆ.

ತೆರೆಯ ಮೇಲೆ ಮತ್ತೆ ಅದೇ ಸಾಲು, ‘ಬಿಬಿಸಿ ಕಂಪ್ಯೂಟರ್ 32ಕೆ’. ನನಗೆ ಕಣ್ಣು ತುಂಬಿ ಬಂದಿತು. ಆದರೆ ಗಂಟೆ ಕಳೆಯುವಷ್ಟರಲ್ಲಿ ಅವನು ಟೈಪು ಮಾಡಿದ ಉದ್ದನೆಯ ಪ್ರೋಗ್ರಾಮೊಂದು ಕೆಟ್ಟಿತು. ‘ಇದು ನೆನಪಿನ ಕಾಯಿಲೆ ಮಾವ’ ಎಂದ.

ಇಲ್ಲಿ ಗಣಕದ ಸ್ಮೃತಿಯ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಆರಂಭದ ಗಣಕಗಳಲ್ಲಿ, ಉದಾಹರಣೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರ್ಯಾಕ್‌ನಲ್ಲಿ, ಸಣ್ಣ ಫೆರೈಟ್ ಬಳೆಗಳನ್ನು ಕಾಂತೀಯಗೊಳಿಸಿ ಒಂದು-ಸೊನ್ನೆಗಳನ್ನು ನೆನಪಿಡುತ್ತಿದ್ದರು. ವಿದ್ಯುತ್ತು ಹೋದರೂ ಆ ನೆನಪು ಅಳಿಯುತ್ತಿರಲಿಲ್ಲ. ಅಮೆರಿಕದ ಐಬಿಎಂನ ರಾಬರ್ಟ್ ಡೆನ್ನಾರ್ಡ್ 1960ರ ದಶಕದಲ್ಲಿ ಇನ್ನೊಂದು ಉಪಾಯವನ್ನು ಕಂಡುಹಿಡಿದು 1968ರಲ್ಲಿ ಪೇಟೆಂಟ್ ಪಡೆದರು: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಅತಿ ಸಣ್ಣ ಕೆಪಾಸಿಟರ್. ಕೆಪಾಸಿಟರಿನಲ್ಲಿ ಆವೇಶವಿದೆಯೇ ಇಲ್ಲವೇ ಎಂಬುದರ ಮೇಲೆ ಒಂದು ಅಥವಾ ಸೊನ್ನೆ. ಅಗ್ಗ, ಅಡಕ. ದೋಷವೆಂದರೆ ಅದು ಸೋರುವ ಕೊಡ. ಆದ್ದರಿಂದ ಸೋರಿ ಹೋಗುವುದಕ್ಕೆ ಮುಂಚೆ ಪ್ರತಿಯೊಂದು ಕೊಡವನ್ನೂ ಓದಿ ಮತ್ತೆ ತುಂಬಿಸುತ್ತಿರಬೇಕು. ಆ ಕಾಲದ ಚಿಪ್‌ಗಳಲ್ಲಿ ಸೆಕೆಂಡಿನ ಐನೂರರಲ್ಲಿ ಒಂದು ಭಾಗದೊಳಗೆ ಒಂದು ಸುತ್ತು ಮುಗಿಯಬೇಕಿತ್ತು. ಬಿಬಿಸಿ ಮೈಕ್ರೋದಲ್ಲಿ ಟಿ.ವಿ. ತೆರೆಗೆ ಚಿತ್ರ ಕಳಿಸುವ ಭಾಗವು ಸ್ಮೃತಿಯನ್ನು ಸದಾ ಓದುತ್ತಿರುವುದರಿಂದ ಈ ತುಂಬಿಸುವ ಕೆಲಸವೂ ಅದರೊಡನೆಯೇ ನಡೆದುಹೋಗುತ್ತದೆ. ಬಹಳ ಜಾಣತನದ ಏರ್ಪಾಡು.

ಅದರ ತಾಯಿಹಲಗೆಯ ಮೇಲೆ ಇಂತಹ ಹದಿನಾರು ಚಿಪ್‌ಗಳಿವೆ. ಪ್ರತಿಯೊಂದರಲ್ಲಿಯೂ 16,384 ಕೋಶಗಳು. ಎಂಟು ಚಿಪ್‌ಗಳು ಸ್ಮೃತಿಯ ಕೆಳಗಿನ ಅರ್ಧಕ್ಕೆ, ಎಂಟು ಮೇಲಿನ ಅರ್ಧಕ್ಕೆ. ಒಂದು ಅಕ್ಷರಕ್ಕೆ ಎಂಟು ಬಿಟ್‌ಗಳು ಬೇಕಷ್ಟೆ. ಅವು ಎಂಟೂ ಒಂದೇ ಚಿಪ್‌ನಲ್ಲಿ ಇರುವುದಿಲ್ಲ. ಎಂಟು ಮಂದಿ ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಬಿಟ್ಟನ್ನು ಹಿಡಿದುಕೊಂಡಂತೆ. ಒಬ್ಬನು ಮರೆತರೆ ಅಕ್ಷರವು ಅಳಿಸಿಹೋಗುವುದಿಲ್ಲ, ಬೇರೊಂದು ಅಕ್ಷರವಾಗುತ್ತದೆ. ಮತ್ತು ಎಷ್ಟು ಬದಲಾಯಿತು ಎಂಬುದರಿಂದಲೇ ಮರೆತವನು ಯಾರು ಎಂದು ಹೇಳಬಹುದು. ವ್ಯತ್ಯಾಸ ಒಂದಾದರೆ ಮೊದಲನೆಯವನು, ಎರಡಾದರೆ ಎರಡನೆಯವನು, ನಾಲ್ಕಾದರೆ ಮೂರನೆಯವನು, ಎಂಟಾದರೆ ನಾಲ್ಕನೆಯವನು.

ಅಳಿಯನ ಪರೀಕ್ಷೆ ಹೀಗಿತ್ತು. ಪರೀಕ್ಷಿಸುವ ಪ್ರೋಗ್ರಾಮು ತಾನು ಕುಳಿತ ಜಾಗವನ್ನು ತಾನೇ ಪರೀಕ್ಷಿಸಲಾರದಾದ್ದರಿಂದ ಅದನ್ನು ಮೊದಲು ಮೇಲಿನ ಅರ್ಧಕ್ಕೆ ಸಾಗಿಸಿದ. ಕೆಳಗಿನ ಅರ್ಧದಲ್ಲಿ ಯಂತ್ರವು ತನ್ನ ಕೆಲಸಕ್ಕೆ ಇಟ್ಟುಕೊಂಡ ಭಾಗವನ್ನು ಬಿಟ್ಟು ಉಳಿದ ಪ್ರತಿ ವಿಳಾಸದಲ್ಲಿಯೂ ಸೊನ್ನೆ ಬರೆದು, ಎಲ್ಲವನ್ನೂ ತುಂಬಿದ ಮೇಲೆ ಮೊದಲಿನಿಂದ ಓದುವುದು. ಅನಂತರ 255. ಬಳಿಕ 85 ಮತ್ತು 170. ಇವುಗಳಲ್ಲಿ ಒಂದು-ಸೊನ್ನೆಗಳು ಒಂದು ಬಿಟ್ಟು ಒಂದು ಬರುತ್ತವೆ. ಯಂತ್ರ ತಣ್ಣಗಿದ್ದಾಗ ಒಂದು ತಪ್ಪೂ ಇಲ್ಲ. ಒಂದು ಗಂಟೆ ಕಾದು ಮತ್ತೆ ನಡೆಸಿದಾಗ ಹತ್ತೊಂಬತ್ತು ವಿಳಾಸಗಳು ತೆರೆಯ ಮೇಲೆ ಬಂದವು. ಎಲ್ಲವೂ 8,300ರಿಂದ 8,700ರ ನಡುವೆ. 255 ಬರೆದಲ್ಲಿ 255 ಇತ್ತು. ಸೊನ್ನೆ ಬರೆದ ಕಡೆಯಲ್ಲೆಲ್ಲ 4.

ನಾಲ್ಕು. ನಾಲ್ಕು. ನಾಲ್ಕು... ನಾನು ಕುರ್ಚಿಯಿಂದ ಎದ್ದು ಅಟ್ಟ ಹತ್ತಿದೆ. ‘ಈ ವಯಸ್ಸಿನಲ್ಲಿ ಏಣಿ ಬೇಡ ಮಾವ’ ಎಂದು ಅಳಿಯ ಕೂಗುತ್ತಿದ್ದ. ಗೆದ್ದಲು ಒಂದಂಚನ್ನು ತಿಂದಿದ್ದ ದಾಖಲೆ ಪುಸ್ತಕದಲ್ಲಿ ನನ್ನದೇ ಕೆಂಪು ಶಾಯಿ. 0 ಇದ್ದಲ್ಲಿ 4. 3 ಇದ್ದಲ್ಲಿ 7. 20 ಇದ್ದಲ್ಲಿ 60. 12 ಇದ್ದಲ್ಲಿ 52. 10 ಇದ್ದಲ್ಲಿ 50. ಏಳು ಕಡೆ ವ್ಯತ್ಯಾಸ ನಾಲ್ಕು, ಮೂರು ಕಡೆ ನಲವತ್ತು. ಸುಳ್ಳು ಲೆಕ್ಕ ಬರೆಯುವ ಹುಡುಗ ಹತ್ತು ಕಡೆಯೂ ಪ್ರತಿ ಅಂಕಿಗೆ ಸರಿಯಾಗಿ ನಾಲ್ಕನ್ನೇ ಏಕೆ ಕೂಡಿಸುತ್ತಾನೆ? ಗಣಿತದ ಮೇಷ್ಟ್ರಾಗಿ ನಾನು ಈ ಪ್ರಶ್ನೆಯನ್ನು ಅಂದೇ ಕೇಳಿಕೊಳ್ಳಬೇಕಿತ್ತು. ಗಣಕದಲ್ಲಿ ‘0’ ಎಂಬ ಅಂಕಿಯ ಸಂಕೇತ 48, ‘4’ರ ಸಂಕೇತ 52. ‘8’ರ ಸಂಕೇತ 56, ಅದಕ್ಕೆ ನಾಲ್ಕು ಸೇರಿದರೆ 60. 60 ಯಾವುದರ ಸಂಕೇತ ಬಲ್ಲಿರಾ? ಅವನು ಹೇಳಿದ ‘<’ ಚಿಹ್ನೆಯದು! ಅವನು ಶಿಫ್ಟ್ ಒತ್ತಿರಲಿಲ್ಲ. ಎಂಟು ಮಿಲಿಮೀಟರ್ ಮಳೆ ಬಿದ್ದ ದಿನ ಎಂಟು ಎಂದೇ ಬರೆದಿದ್ದ.

ಆದರೂ ಈ ಸಲ ಆತುರದ ತೀರ್ಪು ಬೇಡವೆಂದು ಉಳಿದ ಸಾಧ್ಯತೆಗಳನ್ನೂ ನೋಡಿದೆವು. ಕ್ಯಾಸೆಟ್ಟಿನ ದೋಷವಿರಬಹುದೇ? ಈ ಯಂತ್ರವು ಟೇಪಿನ ಪ್ರತಿಯೊಂದು ಭಾಗದ ಜೊತೆಗೂ ಒಂದು ತಾಳೆಸಂಖ್ಯೆಯನ್ನು ಬರೆದಿಡುತ್ತದೆ. ಟೇಪು ಕೆಟ್ಟಿದ್ದರೆ ‘ಡೇಟಾ?’ ಎಂದು ಆಕ್ಷೇಪಿಸುತ್ತದೆ, ಮೌನವಾಗಿ 0ಯನ್ನು 4 ಮಾಡುವುದಿಲ್ಲ. ಕೆಟ್ಟ ಅಂಕಿ ಟೇಪಿಗೆ ಹೋಗುವ ಮೊದಲೇ ಕೆಟ್ಟಿತ್ತು. ಇನ್ನೊಂದು ಸಾಧ್ಯತೆ ವಿಕಿರಣ. 1970ರ ದಶಕದ ಕೊನೆಯಲ್ಲಿ ಇಂಟೆಲ್ ಕಂಪನಿಯ ಮೇ ಮತ್ತು ವುಡ್ಸ್ ಎಂಬ ವಿಜ್ಞಾನಿಗಳು, ಚಿಪ್‌ನ ಸೆರಾಮಿಕ್ ಹೊದಿಕೆಯಲ್ಲಿದ್ದ ಅತ್ಯಲ್ಪ ಯುರೇನಿಯಂ ಮತ್ತು ಥೋರಿಯಂಗಳಿಂದ ಹೊರಟ ಆಲ್ಫಾ ಕಣಗಳು ಸ್ಮೃತಿಯ ಬಿಟ್‌ಗಳನ್ನು ಕೆಡಿಸುತ್ತವೆಂದು ತೋರಿಸಿಕೊಟ್ಟರು. ಆದರೆ ಅದು ಗುರಿಯಿಲ್ಲದ ಕಲ್ಲು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಹತ್ತು ಸಲವೂ ಮೂರನೆಯ ಬಿಟ್ಟಿಗೇ ತಾಗುವುದಿಲ್ಲ. ಕೊನೆಗೆ ಅಳಿಯ ಸರ್ಕ್ಯೂಟ್ ನಕ್ಷೆಯಲ್ಲಿ ಕೆಳಗಿನ ಅರ್ಧದ ಮೂರನೆಯ ಬಿಟ್ಟಿನ ಚಿಪ್ ಯಾವುದೆಂದು ಗುರುತಿಸಿ, ಬಿಸಿಯಾಗಿದ್ದ ಅದರ ಮೇಲೆ ಮಾತ್ರ ತಂಪುಗೊಳಿಸುವ ಸ್ಪ್ರೇ ಹಾಯಿಸಿದ. ತಪ್ಪುಗಳು ನಿಂತವು. ಚಿಪ್ ಬಿಸಿಯಾಗಲು ಬಿಟ್ಟಾಗ ಮರಳಿ ಬಂದವು. ಮೂರು ಸಲ ಹೀಗೆ ಮಾಡಿ ತೋರಿಸಿದ. ಶಾಖ ಹೆಚ್ಚಿದಂತೆ ಕೋಶಗಳ ಸೋರಿಕೆ ಹೆಚ್ಚುತ್ತದೆ. ಕೋಶ ಬರಿದಾದರೆ ಸೊನ್ನೆಯಾಗಬೇಕಲ್ಲ, ಒಂದು ಹೇಗಾಯಿತು ಎಂದು ಕೇಳಿದೆ. ಚಿಪ್‌ನ ಒಂದು ಪಾಲಿನ ಕೋಶಗಳಲ್ಲಿ ಲೆಕ್ಕ ತಿರುವುಮುರುವಾಗಿರುತ್ತದೆ, ಬರಿದಾಗಿರುವುದೇ ಅಲ್ಲಿ ‘ಒಂದು’ ಎಂದು ವಿವರಿಸಿದ.

ಆಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಕ್ಯಾಸೆಟ್ ಬಳಸುವ ಬಿಬಿಸಿ ಮೈಕ್ರೋದಲ್ಲಿ ಬೇಸಿಕ್ ಪ್ರೋಗ್ರಾಮು 3,584ನೆಯ ವಿಳಾಸದಿಂದ ಆರಂಭವಾಗುತ್ತದೆ. ನನ್ನ ಹತ್ತು ಸಾಲು 4,000ವನ್ನೂ ಮುಟ್ಟಿರಲಾರದು. ಅವನ ಪ್ರೋಗ್ರಾಮು ಉದ್ದನೆಯದು. ವರ್ಷದ ಅಂಕಿಗಳು ಅದರ ಬೆನ್ನಿಗೆ, ತಿಂಗಳ ಕ್ರಮದಲ್ಲಿ. 8,300ರ ಆಚೆ ಬಿದ್ದದ್ದು ನವೆಂಬರ್ ಮತ್ತು ಡಿಸೆಂಬರ್. ನಾನು ಪರೀಕ್ಷಿಸಿದ್ದು ಬೆಳಿಗ್ಗೆ, ತಣ್ಣನೆಯ ಯಂತ್ರದಲ್ಲಿ. ಅವನು ಟೈಪು ಮಾಡುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ, ದಿನವಿಡೀ ಉರಿದ ಯಂತ್ರದಲ್ಲಿ. ಪ್ರೋಗ್ರಾಮಿನ ಚೌಕಟ್ಟು ಏಕೆ ಮುರಿಯಲಿಲ್ಲ ಎಂಬುದಕ್ಕೂ ಉತ್ತರ ದೊರೆಯಿತು. ಅಲ್ಪವಿರಾಮದ ಸಂಕೇತ 44, ಸಾಲು ಮುಗಿಯುವ ಗುರುತು 13, ಅಂಕಿಗಳ ಸಾಲಿನ ಮೊದಲಿಗೆ ಬರುವ ‘ಡೇಟಾ’ ಎಂಬ ಪದದ ಗುರುತು 220. ಈ ಮೂರರಲ್ಲಿಯೂ ಮೂರನೆಯ ಬಿಟ್ ಮೊದಲೇ ‘ಒಂದು’. ಆದ್ದರಿಂದ ಅವು ಕೆಡುವ ಹಾಗೆಯೇ ಇರಲಿಲ್ಲ. ಕೆಟ್ಟದ್ದು ಅಂಕಿಗಳು ಮಾತ್ರ. ಅದೂ 4, 5, 6, 7 ಅಲ್ಲ. ಅವುಗಳಲ್ಲಿಯೂ ಆ ಬಿಟ್ ಒಂದೇ. ದಾಖಲೆಯಲ್ಲಿ ನೋಡಿದೆ, ಆ ನಾಲ್ಕು ಅಂಕಿಗಳಲ್ಲಿ ಒಂದೂ ಬದಲಾಗಿಲ್ಲ. ಕೆಲವು ಆಟದ ಕ್ಯಾಸೆಟ್ಟುಗಳು ಸಂಜೆ ಹೊತ್ತು ಅರ್ಧದಲ್ಲಿ ನಿಂತುಬಿಡುತ್ತಿದ್ದುದು ನಿಮಗೆ ನೆನಪಿರಬಹುದು. ಕ್ಯಾಸೆಟ್ಟಿಗೆ ಬೂಷ್ಟು ಬಂದಿದೆ ಎನ್ನುತ್ತಿದ್ದೆವು.

ಸೋರುವ ಕೋಶಗಳು ಆಗ ಎಷ್ಟಿದ್ದವು, ಈಗ ಎಷ್ಟು ಹೆಚ್ಚಿವೆ ಎಂಬುದನ್ನು ಇಷ್ಟು ವರ್ಷಗಳ ಮೇಲೆ ಲೆಕ್ಕ ಹಾಕಲಾಗದು. ಅವನ ಕ್ಯಾಸೆಟ್ಟು ಈಗ ನಿಜವಾಗಿಯೂ ಬೂಷ್ಟು ಹಿಡಿದು ಓಡುವುದಿಲ್ಲ. ಆದರೆ ಆಗಿನ ಕೆಂಪು ಶಾಯಿ ಮತ್ತು ಈಗಿನ ಪರೀಕ್ಷೆ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದ ಎರಡು ಸಾಕ್ಷಿಗಳು, ಒಂದೇ ಬಿಟ್ಟಿನ ಕಡೆಗೆ ಬೆರಳು ತೋರಿಸುತ್ತಿವೆ. ನನಗೆ ಅಷ್ಟು ಸಾಕು. ಅಂದಹಾಗೆ 1981ರ ಐಬಿಎಂ ಪಿ.ಸಿ.ಯಲ್ಲಿ ಎಂಟು ಚಿಪ್‌ಗಳ ಸಾಲಿಗೆ ಒಂಬತ್ತನೆಯದೊಂದನ್ನು ಕೇವಲ ತಾಳೆ ನೋಡುವುದಕ್ಕೆಂದೇ ಇಟ್ಟಿದ್ದರು. ಒಂದು ಬಿಟ್ ತಪ್ಪಿದರೂ ಯಂತ್ರ ತಾನೇ ತಪ್ಪೊಪ್ಪಿಕೊಂಡು ನಿಲ್ಲುತ್ತಿತ್ತು. ಅಗ್ಗದ ಗೃಹಗಣಕಗಳಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಯಂತ್ರವನ್ನು ದೂರಲಾರೆ. ಒಂಬತ್ತನೆಯವನ ಕೆಲಸ ಆ ಕೊಠಡಿಯಲ್ಲಿ ನನ್ನದಾಗಿತ್ತು.

ಆ ರಾತ್ರಿಯೇ ಅವನಿಗೆ ಫೋನು ಮಾಡಿದೆ. ಈಗ ತೀರ್ಥಹಳ್ಳಿಯ ಸಮೀಪ ಅಡಿಕೆ ತೋಟ ನೋಡಿಕೊಂಡಿದ್ದಾನೆ. ವಿಷಯವನ್ನೆಲ್ಲ ಹೇಳಿ, ‘ತಪ್ಪು ನನ್ನದು ಮಾರಾಯ, ನೀನು ಸರಿಯಾಗಿಯೇ ಬರೆದಿದ್ದೆ’ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, ‘ಅಪ್ಪಯ್ಯನೂ ನಂಬಿರಲಿಲ್ಲ ಸರ್’ ಎಂದ. ಅವರು ತೀರಿಕೊಂಡು ಹನ್ನೊಂದು ವರ್ಷ. ಇದನ್ನು ಬರೆಯಲೇ ಎಂದು ಕೇಳಿದೆ. ಬರೆಯಿರಿ, ಹೆಸರು ಮಾತ್ರ ಬೇಡ ಎಂದ. ಬಳಿಕ ಅವನೇ ಕೇಳಿದ: ‘ಎರಡು ಕಡೆ ಮಾತ್ರ ಆ ಚಿಹ್ನೆ ಬಂತಲ್ಲ ಸರ್, ಉಳಿದ ಎಂಟುಗಳಿಗೆ ಏಕೆ ಬರಲಿಲ್ಲ?’ ಆ ವಿಳಾಸಗಳ ಕೋಶಗಳು ಸೋರುತ್ತಿರಲಿಲ್ಲ ಎಂದೆ. ‘ಹೌದು, ಹೌದು’ ಎಂದ. ಹದಿನಾಲ್ಕರ ಹುಡುಗನ ದನಿ ಅದು.

ಅಳಿಯ ಆ ಚಿಪ್ಪನ್ನು ಬೆಸುಗೆ ಬಿಡಿಸಿ ತೆಗೆದು, ಹಳೆಯ ದಾಸ್ತಾನಿನ ಇನ್ನೊಂದನ್ನು ಸಾಕೆಟ್ ಹಾಕಿ ಕೂರಿಸಿ ಹೋಗಿದ್ದಾನೆ. ಆರು ಗಂಟೆ ಹೊತ್ತು ಓಡಿಸಿದರೂ ತಪ್ಪಿಲ್ಲ. ತೆಗೆದ ಚಿಪ್ಪನ್ನು ದಾಖಲೆ ಪುಸ್ತಕದ ಆ ಪುಟಕ್ಕೇ ಅಂಟಿಸಿ, ‘ಸುಳ್ಳು ಲೆಕ್ಕ’ ಎಂಬುದನ್ನು ಹೊಡೆದುಹಾಕಿ, ಇಂದಿನ ದಿನಾಂಕ ಹಾಕಿ ಸಹಿ ಮಾಡಿದ್ದೇನೆ. 1988ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ ಅವನ ಊರಿನಲ್ಲಿ ಬಿದ್ದ ಮಳೆ 61 ಮಿಲಿಮೀಟರ್. ನೋಟ್ ಪುಸ್ತಕ ಇನ್ನೂ ಅವನ ಬಳಿ ಇದೆಯಂತೆ. ಬರುವ ಭಾನುವಾರ ಅದನ್ನು ಹಿಡಿದುಕೊಂಡು ಸಾಗರಕ್ಕೆ ಬರುತ್ತಾನೆ.